ಬಿ.ಎಸ್ಸಿ. ಮೊದಲ ವರ್ಷದ ಅಂಕಗಳು ಎಲ್ಲಿಯವರೆಗೆ ಬೆನ್ನುಹತ್ತುತ್ತವೆ?

ಗೋವಾದಲ್ಲಿ ಬಿ.ಎಸ್ಸಿ. ಓದುವವರಲ್ಲಿ, ಅದರಲ್ಲೂ ವಾಸ್ಕೊ, ಬೈನಾ, ಝುವಾರಿನಗರಗಳ ಕನ್ನಡ ಕುಟುಂಬಗಳಲ್ಲಿ, ಮೊದಲ ವರ್ಷದ ಅಂಕಗಳನ್ನು ಮುಂದೆ ಯಾರೂ ಕೇಳುವುದಿಲ್ಲವೆಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ವಾರ್ಷಿಕ ಪರೀಕ್ಷೆಗಳ ಕಾಲದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಕೊನೆಯ ವರ್ಷದ ಫಲಿತಾಂಶವನ್ನೇ ಹೆಚ್ಚಾಗಿ ನೋಡಿ ದರ್ಜೆ ಕೊಡುತ್ತಿದ್ದುದರಿಂದ ಹಿರಿಯರ ಮಟ್ಟಿಗೆ ಆ ಮಾತು ಸುಳ್ಳಾಗಿರಲಿಲ್ಲ. ಸೆಮಿಸ್ಟರ್ ಮತ್ತು ಕ್ರೆಡಿಟ್ ಪದ್ಧತಿ ಬಂದ ಮೇಲೆ ಅದು ಸುಳ್ಳಾಯಿತು, ಆದರೆ ಹೇಳುವವರು ಹೇಳುವುದನ್ನು ಬಿಡಲಿಲ್ಲ.

ಒಂದು ವಿಷಯಕ್ಕೆ ಪಠ್ಯಕ್ರಮದಲ್ಲಿ ನಿಗದಿಯಾದ ತೂಕಕ್ಕೆ ಕ್ರೆಡಿಟ್ ಎನ್ನುತ್ತಾರೆ. ಪ್ರತಿ ವಿಷಯದ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಸೆಮಿಸ್ಟರ್‌ಗಳ ಗುಣಲಬ್ಧಗಳನ್ನು ಕೂಡಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದಾಗ ದೊರೆಯುವ ಸರಾಸರಿಯೇ ಸಿಜಿಪಿಎ. ಆದ್ದರಿಂದ ಮೊದಲ ಸೆಮಿಸ್ಟರಿನ ಭಾಷಾ ಪತ್ರಿಕೆಗೂ ಆರನೆಯ ಸೆಮಿಸ್ಟರಿನ ಕ್ವಾಂಟಮ್ ಯಂತ್ರಶಾಸ್ತ್ರಕ್ಕೂ ಕ್ರೆಡಿಟ್ ಸಮವಾಗಿದ್ದರೆ ಈ ಸರಾಸರಿಯಲ್ಲಿ ಎರಡರ ಬಲವೂ ಸಮ.

ಪ್ರಸ್ತುತ ಲೇಖಕಿಯ ಪ್ರಕರಣ ಈ ಲೆಕ್ಕದಿಂದಲೇ ಹುಟ್ಟಿದ್ದು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2018ರ ಮಾರ್ಚ್‌ನಲ್ಲಿ ಗೋವಾದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತು, ಅದನ್ನೇ ನಂಬಿದ್ದ ಲಾರಿ, ಬಾರ್ಜ್ ಮತ್ತು ಬಂದರಿನ ಕೆಲಸಗಳು ಕುಸಿದಿದ್ದ ವರ್ಷಗಳಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕನ್ನಡದಲ್ಲಿ ಮುಗಿಸಿದ್ದ ಆಕೆ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಸರಾಸರಿ ಶೇ. 48 ಬಂದಾಗ ಬಿ.ಎಸ್ಸಿ. ಓದಿದ್ದ ಸೋದರಮಾವ ಚಿಂತಿಸಬೇಡವೆಂದರು. ವಿದ್ಯಾರ್ಥಿಗಳಿಗೆ ದಾರಿ ತೋರಿಸುವುದೇ ಕರ್ತವ್ಯವಾಗಿದ್ದ ಅಧ್ಯಾಪಕರೊಬ್ಬರು ಅದೇ ಮಾತನ್ನು, ಯಾವ ನಿಯಮಾವಳಿಯನ್ನೂ ತೆರೆದು ನೋಡದೆ, ಇನ್ನಷ್ಟು ಖಚಿತವಾಗಿ ಹೇಳಿದರು. ಮಾವನವರದು ಪ್ರೀತಿಯಿಂದ ಬಂದ ಮಾತು, ಅಧ್ಯಾಪಕರದು ಹೊಣೆಗೇಡಿತನ.

ಉಳಿದ ನಾಲ್ಕು ಸೆಮಿಸ್ಟರ್‌ಗಳಲ್ಲಿ ಆಕೆ ಸರಾಸರಿ ಶೇ. 65 ಪಡೆದಳು. ಎಂ.ಎಸ್ಸಿ. ಹಾಗೂ ಸಮಗ್ರ ಪಿಎಚ್.ಡಿ. ಪ್ರವೇಶಕ್ಕೆ ಐಐಟಿಗಳು ಸರದಿಯಂತೆ ನಡೆಸುವ ಜಾಮ್ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಿತು, ಹೊರರಾಜ್ಯದ ಸಂಸ್ಥೆಯೊಂದರ ಸಂದರ್ಶನವೂ ಮುಗಿಯಿತು. ಮೂಲ ದಾಖಲೆಗಳ ಪರಿಶೀಲನೆಯ ದಿನ, ಶುಲ್ಕದ ಡಿಡಿಯನ್ನು ಕೈಯಲ್ಲಿ ಹಿಡಿದು ತಂದೆ ಬಾಗಿಲ ಹೊರಗೆ ನಿಂತಿದ್ದಾಗ, ಒಳಗಿನ ಅಧಿಕಾರಿ ಆರು ಅಂಕಪಟ್ಟಿಗಳನ್ನು ಸಾಲಾಗಿ ಹರಡಿ, ಸಂದರ್ಶನದ ಹಾಳೆಯನ್ನು ಬದಿಗಿಟ್ಟು, ಕ್ಯಾಲ್ಕ್ಯುಲೇಟರಿನಲ್ಲಿ ಕೂಡುತ್ತ ಹೋದರು. ಬಂದ ಮೊತ್ತವನ್ನು ಆರರಿಂದ ಭಾಗಿಸಿದಾಗ 59.33. ಅವರು ಮತ್ತೊಮ್ಮೆ ಕೂಡಿದರು; ಅದೇ ಬಂದಿತು. ನಿಯಮ ಕೇಳಿದ್ದು ಪ್ರಥಮ ದರ್ಜೆ, ಅಂದರೆ ಶೇ. 60, ದಶಮಾಂಶವನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಲು ಅವಕಾಶವಿಲ್ಲವೆಂದು ತಿಳಿಸಿ ಅವರು ಕಾಗದಗಳನ್ನು ಹಿಂದಿರುಗಿಸಿದರು. ಕೊನೆಯ ನಾಲ್ಕೂ ಸೆಮಿಸ್ಟರ್‌ಗಳಲ್ಲಿ ಪ್ರಥಮ ದರ್ಜೆಯಿದೆಯೆಂದು ಆಕೆ ತೋರಿಸಿದ್ದಕ್ಕೆ ಉತ್ತರ ಬರಲಿಲ್ಲ, ಮುಂದಿನ ಹೆಸರು ಕೂಗಲಾಯಿತು. ಸಂದರ್ಶನಕ್ಕೆ ಕರೆಯುವ ಮೊದಲೇ ನೋಡಬಹುದಾಗಿದ್ದ ಅಂಕಪಟ್ಟಿಗಳನ್ನು ಕೊನೆಯ ಮೇಜಿನ ಮೇಲೆ ಮಾತ್ರ ನೋಡುವ ಈ ಕ್ರಮ, ಬಡ ಮನೆಯೊಂದರ ರೈಲು ಖರ್ಚನ್ನೂ ಆಸೆಯನ್ನೂ ಒಟ್ಟಿಗೇ ಹಾಳು ಮಾಡುತ್ತದೆ. ಉಳಿದ ನಾಲ್ಕು ಸೆಮಿಸ್ಟರ್‌ಗಳ ಸರಾಸರಿ 65ರ ಬದಲು 66 ಆಗಿದ್ದರೆ ಒಟ್ಟು ಸರಿಯಾಗಿ 60 ಆಗುತ್ತಿತ್ತು. ಅಷ್ಟು ಬೇಕೆಂಬುದನ್ನು ಎರಡನೆಯ ವರ್ಷದ ಆರಂಭದಲ್ಲೇ ಯಾರಾದರೂ ಲೆಕ್ಕ ಹಾಕಿ ಹೇಳಬಹುದಾಗಿತ್ತು.

ಕನಿಷ್ಠ ಅಂಕದ ಈ ಹೊಸ್ತಿಲು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ಅದಕ್ಕಿಂತ ಮೊದಲೇ ಆಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೊಂದಿಗೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಂಥ ಅವಕಾಶಗಳಿಗೆ ಪದವಿಯ ನಡುವೆಯೇ ಅರ್ಜಿ ಹಾಕಬೇಕಾಗುತ್ತದೆ, ಆಗ ವಿದ್ಯಾರ್ಥಿಯ ಬಳಿ ಇರುವುದು ಆರಂಭದ ಅಂಕಗಳು ಮಾತ್ರ. ಆ ಅಂಕ ಕಡಿಮೆಯಾದರೆ ಪ್ರಯೋಗಾಲಯದ ಬಾಗಿಲು ತೆರೆಯುವುದು ಕಷ್ಟ, ಪ್ರಯೋಗಾಲಯದಲ್ಲಿ ದುಡಿಯದಿದ್ದರೆ ವಿದ್ಯಾರ್ಥಿಯನ್ನು ಬಲ್ಲ ವಿಜ್ಞಾನಿಯ ಶಿಫಾರಸು ಪತ್ರವಿಲ್ಲ, ಆ ಪತ್ರವಿಲ್ಲದೆ ವಿದೇಶದ ಅರ್ಜಿಗೆ ಬಲವಿಲ್ಲ. 1966ರಲ್ಲಿ ಸ್ಥಾಪನೆಯಾದ, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ವಾಸ್ಕೊದ ಮಕ್ಕಳಿಗೆ ಹತ್ತಿರವೇ ಇದ್ದರೂ ದೂರವಾಗಿ ಉಳಿಯುವುದು ಹೀಗೆ.

ನಾಲ್ಕು ವರ್ಷಗಳ ಪದವಿ ಈ ಬಿಗಿಯನ್ನು ಹೆಚ್ಚಿಸಿದೆ. ಯುಜಿಸಿಯ 2022ರ ಪಠ್ಯಕ್ರಮ ಚೌಕಟ್ಟಿನ ಪ್ರಕಾರ, ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯೊಂದಿಗೆ ಆನರ್ಸ್ ಆರಿಸಿಕೊಳ್ಳಲು ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಇರಬೇಕು. ಶೇ. 48ರಿಂದ ಮೊದಲ ವರ್ಷ ಮುಗಿಸಿದವರು ಅಲ್ಲಿಗೆ ತಲುಪಲು ಉಳಿದ ನಾಲ್ಕು ಸೆಮಿಸ್ಟರ್‌ಗಳಲ್ಲಿ ಸರಾಸರಿ ಶೇ. 88.5 ಪಡೆಯಬೇಕಾಗುತ್ತದೆ.

ದಾರಿಗಳೇ ಇಲ್ಲವೆಂದಲ್ಲ. ಟಿಐಎಫ್ಆರ್‌ನಂಥ ಸಂಸ್ಥೆಗಳಲ್ಲಿ ಲಿಖಿತ ಪರೀಕ್ಷೆ ಮತ್ತು ಸಂದರ್ಶನಗಳೇ ಮುಖ್ಯ, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಕೊನೆಯ ಎರಡು ವರ್ಷಗಳ ಅಂಕಗಳನ್ನು ಪ್ರತ್ಯೇಕವಾಗಿ ನೋಡುತ್ತವೆ, ಎಂ.ಎಸ್ಸಿ.ಯಲ್ಲಿ ಚೆನ್ನಾಗಿ ಓದಿ ಸಿಎಸ್ಐಆರ್-ನೆಟ್ ಫೆಲೋಶಿಪ್ ಗಳಿಸಿದವರಿಗೆ ಸಂಶೋಧನೆಯ ದಾರಿ ಮತ್ತೆ ತೆರೆಯುತ್ತದೆ. ಲೇಖಕಿ ಹಿಡಿದದ್ದು ಈ ಕೊನೆಯ, ಸುತ್ತುಬಳಸಿನ ದಾರಿಯನ್ನು.

ಕಾಲೇಜು ಸೇರಿದ ವಾರದಲ್ಲೇ ಬಯಸುವ ಸಂಸ್ಥೆಯ ಪ್ರವೇಶ ನಿಯಮವನ್ನು ಓದಿ, ಪ್ರತಿ ಸೆಮಿಸ್ಟರ್ ಮುಗಿದಾಗ ಉಳಿದವುಗಳಲ್ಲಿ ಎಷ್ಟು ಬೇಕೆಂದು ಲೆಕ್ಕ ಹಾಕಿಡುವುದು, ಅನುತ್ತೀರ್ಣವಾದ ಪತ್ರಿಕೆಯನ್ನು ಮುಂದೂಡದೆ ಬರೆಯುವುದು ವಿದ್ಯಾರ್ಥಿಗಳ ಕೈಯಲ್ಲಿರುವ ಕೆಲಸ. ಆದರೆ ಮನೆಯಲ್ಲಿ ಇಂಗ್ಲಿಷಿನ ಅರ್ಜಿ ಓದಿ ವಿವರಿಸುವವರಿಲ್ಲದ ಮಕ್ಕಳಿಗೆ ಈ ನಿಯಮಗಳನ್ನು ಮೊದಲ ತರಗತಿಯಲ್ಲೇ ತಿಳಿಸುವುದು ಕಾಲೇಜುಗಳ ಹೊಣೆ, ಮತ್ತು ಗೋವಾದ ಕನ್ನಡ ಸಂಘಗಳು ಪ್ರತಿವರ್ಷ ಜೂನ್‌ನಲ್ಲಿ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಬೇಕು.