ಕ್ರೈಸ್ತ ಎಂದು ಕರೆದವರು ಯಾರು?



ಮದುವೆ ಗೊತ್ತಾದಾಗ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಾದಾಗ ನಮಗೆಲ್ಲ ಜ್ಞಾನಸ್ನಾನದ ಸರ್ಟಿಫಿಕೇಟು ನೆನಪಾಗುತ್ತದೆ. ರಿಜಿಸ್ಟರಿನಲ್ಲಿ ಹೆಸರು ಹುಡುಕಿಸಿ, ಸೀಲು ಹಾಕಿಸಿಕೊಂಡು ಹೋದರೆ ಮುಗಿಯಿತು. ಆಮೇಲೆ ಆ ಪುಸ್ತಕದ ಗೋಜೇ ಬೇಡ. ನಾವು ಕ್ರೈಸ್ತರು ಎನ್ನಲು ಆ ಒಂದು ಕಾಗದ ಸಾಕೇ?

ಈ ಹೆಸರು ಮೊದಲು ಹುಟ್ಟಿದ್ದು ಅಂತಿಯೋಕ್ಯ ಎಂಬ ಪಟ್ಟಣದಲ್ಲಿ. ಈಗ ಅದು ಟರ್ಕಿ ದೇಶದಲ್ಲಿದೆ. ಪ್ರೇಷಿತರ ಕಾರ್ಯಕಲಾಪಗಳು 11ನೇ ಅಧ್ಯಾಯದಲ್ಲಿ ಇದನ್ನು ಓದಬಹುದು. ಶಿಷ್ಯರು ಈ ಹೆಸರನ್ನು ತಾವೇ ಇಟ್ಟುಕೊಳ್ಳಲಿಲ್ಲ, ಅವರನ್ನು ನೋಡಿದ ಊರಿನ ಜನ ಹಾಗೆ ಕರೆದರು ಎಂದು ಪಂಡಿತರು ಹೇಳುತ್ತಾರೆ. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರೇ ಸಲ! ನಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೋ.

ಹೆಸರು ಬಂದ ಮೇಲೆ ಅವರು ಮಾಡಿದ್ದೇನು? ಕ್ಷಾಮ ಬರುತ್ತದೆಂದು ಗೊತ್ತಾದಾಗ ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕಂತೆ ಹಣ ಕೂಡಿಸಿ, ಬಾರ್ನಬ ಮತ್ತು ಸೌಲರ ಕೈಯಲ್ಲಿ ಜುದೇಯದ ಸಹೋದರರಿಗೆ ಕಳಿಸಿದರು. ಅದೇ ಅಧ್ಯಾಯ, ಮೂರ್ನಾಲ್ಕು ವಚನ ಕೆಳಗೆ. ಹೆಸರಿನ ಕಡೆ ನೋಡುವ ನಾವು ಈ ವಚನಗಳನ್ನು ದಾಟಿ ಹೋಗುತ್ತೇವೆ.

ನಮ್ಮ ನಾಡಿನಲ್ಲೂ ಇಂಥದ್ದು ನಡೆದಿದೆ. ಪ್ಯಾರಿಸ್ ವಿದೇಶಿ ಮಿಷನ್ನಿನ ಗುರುಗಳಾದ ಅಬ್ಬೆ ದುಬಾಯ್ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಮಾಂಸ ಬಿಟ್ಟರು, ಈ ದೇಶದವರಂತೆಯೇ ಉಡುಪು ತೊಟ್ಟರು. ಸಿಡುಬಿಗೆ ಹೆದರಿ ಜನ ನಡುಗುತ್ತಿದ್ದ ಕಾಲ ಅದು. 1803-04ರಲ್ಲಿ ಈ ಗುರುಗಳು ಸಾವಿರಾರು ಜನಕ್ಕೆ ದೇವಿ ಹಾಕಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಇದೂ ಬೇರೆಯವರು ಕೊಟ್ಟ ಹೆಸರೇ.

ಅದೇ ದೊಡ್ಡಸ್ವಾಮಿಯವರು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಒಂದು ಕಹಿ ಮಾತು ಬರೆದಿದ್ದಾರೆ. ಇಷ್ಟು ವರ್ಷದಲ್ಲಿ ಇನ್ನೂರು ಮುನ್ನೂರು ಜನ ತಮ್ಮಿಂದ ಜ್ಞಾನಸ್ನಾನ ಪಡೆದರು, ಆದರೆ ಸ್ವಾರ್ಥವಿಲ್ಲದೆ, ಮನಸಾರೆ ನಂಬಿ ಬಂದವರು ಒಬ್ಬರೂ ಇಲ್ಲ ಎಂಬುದು ಅದರ ಸಾರ. ಇದು ತೀರಾ ಕಠೋರವಾಯಿತು ಎನ್ನಬೇಕು. ಒಬ್ಬರ ಮನಸ್ಸಿನೊಳಗೆ ಇಣುಕಿ ನೋಡಲು ದೇವರಿಗಲ್ಲದೆ ಯಾರಿಗೆ ಸಾಧ್ಯ? ಹಸಿದು ಬಂದವನ ನಂಬಿಕೆ ಸುಳ್ಳೆಂದು ಹೇಳಲಾಗದು. ಆದರೂ ಆ ಮಾತನ್ನು ಓದಿದವರು ತಮ್ಮನ್ನು ತಾವು ಒಂದು ಗಳಿಗೆ ಕೇಳಿಕೊಳ್ಳದೆ ಇರಲಾರರು.

ಹಂದನಕೆರೆ, ತಿಪಟೂರು ಕಡೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿದ್ದಿದ್ದ ಕಾಯಿ ಹೊರಗಿನಿಂದ ಎಲ್ಲಾ ಒಂದೇ ಥರ. ಕೈಗೆ ತಗೊಂಡು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಸದ್ದೇ ಹೇಳುತ್ತದೆ. ಕೌಟಾಗಿದ್ದರೆ ಒಡೆದ ಕೂಡಲೆ ಮೂಗಿಗೆ ಬಡಿಯುತ್ತದೆ. ಕಾಯಿ ಯಾರ ತೋಟದ್ದು ಎಂದು ಆಗ ಯಾರೂ ಕೇಳುವುದಿಲ್ಲ.

ನಮ್ಮನ್ನು ಅಲ್ಲಾಡಿಸಿ ನೋಡುವವರು ಗುರುಗಳಲ್ಲ. ಕೂಲಿ ಬಾಕಿಗೆ ಮೂರು ಸಲ ಅಲೆದ ಕಾಯಿ ಕೀಳುವವನು, ಬೇಸಿಗೆಯಲ್ಲಿ ಒಂದು ಕೊಡ ನೀರು ಕೇಳಿ ಬಂದ ಪಕ್ಕದ ಮನೆಯಾಕೆ, ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣ. ಆ ಮನೆಯವರು ಎಂಥವರು ಎಂದು ಯಾರಾದರೂ ಕೇಳಿದರೆ ಇವರು ಏನು ಹೇಳುತ್ತಾರೆ?

ಶಿಲುಬೆ ಹಾದಿ ಹತ್ತುವ ಮುಂಚೆ ನೆರಳಲ್ಲಿ ಕೂತು 11ನೇ ಅಧ್ಯಾಯದ 19ರಿಂದ 30ರವರೆಗಿನ ವಚನಗಳನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ಕನ್ನಡಕ ಮರೆತ ಹಿರಿಯರಿಗೆ ಮಕ್ಕಳು ಓದಿ ಹೇಳಲಿ. ಯಾರಿಗಾದರೂ ಬಾಕಿ ಇದ್ದರೆ, ಊರಿಗೆ ಮರಳಿದ ದಿನವೇ ಕೊಟ್ಟುಬಿಡಿ.