ಬೆದರಿಕೆ ಬಂದರೆ ಬಾಯಿ ಮುಚ್ಚಬೇಡಿ, ಬರೆದು ಕೊಡಿ

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಅವರು ಹುಟ್ಟಿದ್ದು ನಮ್ಮ ನೆರೆಯ ಸಿಂದಗಿ ಸೀಮೆಯಲ್ಲಿ, ಬದುಕಿಡೀ ದುಡಿದದ್ದು ವಚನಗಳಿಗಾಗಿ. ಮುದನೂರಿನ ವಚನಕಾರ ದೇವರ ದಾಸಿಮಯ್ಯ ನಮ್ಮವನೆಂದು ಎದೆಯುಬ್ಬಿಸುವ, ಸುರಪುರ-ಯಾದಗಿರಿಯ ಈ ಸಗರನಾಡಿನವರಿಗೆ ಆ ಸಾವು ಎಲ್ಲೋ ನಡೆದ ಸುದ್ದಿಯಲ್ಲ. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯಾಯಿತು. ಎರಡೂ ಕಡೆ ಸಿಡಿದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು.

ಕಲಬುರ್ಗಿಯವರ ಮನೆಗೆ ಮೊದಲು ಪೊಲೀಸ್ ಕಾವಲಿತ್ತು. ಅವರೇ ಬೇಡವೆಂದಿದ್ದರಿಂದ ಅದನ್ನು ತೆಗೆಯಲಾಯಿತು ಎಂದು ಆಗ ವರದಿಯಾಗಿತ್ತು. ಊರಿನಲ್ಲಿ ಮಾತಾಡುವವರಿಗೆ, ಬರೆಯುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಕಾನೂನು ಕೊಡುವ ರಕ್ಷಣೆಯನ್ನು ಸಂಕೋಚಪಟ್ಟು ಬಿಡಬೇಡಿ.

ಸಂವಿಧಾನದ 19(1)(ಎ) ವಿಧಿ ಕೊಟ್ಟ ಮಾತಿನ ಹಕ್ಕಿಗೆ 19(2)ರಲ್ಲಿ ಮಿತಿಗಳಿವೆ: ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದವು. 'ಗುಂಪೊಂದು ಸಿಟ್ಟಾಗಿದೆ' ಎಂಬುದು ಆ ಪಟ್ಟಿಯಲ್ಲಿಲ್ಲ. ಹಿಂಸೆಯ ಬೆದರಿಕೆಗೆ ಮಣಿದು ಮಾತನ್ನು ಅಡಗಿಸುವಂತಿಲ್ಲ, ಅಭಿವ್ಯಕ್ತಿಯನ್ನು ಕಾಯುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರ ರಂಗರಾಜನ್ ಪ್ರಕರಣದಲ್ಲೇ ಹೇಳಿದೆ. 2025ರ ಜೂನ್‌ನಲ್ಲಿ ಕಮಲ್ ಹಾಸನ್ ಸಿನಿಮಾ ಕರ್ನಾಟಕದಲ್ಲಿ ತೆರೆ ಕಾಣದಿದ್ದಾಗಲೂ ಕೋರ್ಟ್ ಅದೇ ಮಾತನ್ನು ನಮ್ಮ ರಾಜ್ಯಕ್ಕೆ ನೆನಪಿಸಿತು. ಕನ್ನಡದ ಬಗ್ಗೆ ಆತ ಆಡಿದ ಮಾತು ನಮಗೆ ನೋವು ತಂದಿರಬಹುದು. ನೋವಿಗೆ ಉತ್ತರ ಇನ್ನೊಂದು ಮಾತೇ ಹೊರತು ಬೀಗ ಹಾಕಿದ ಚಿತ್ರಮಂದಿರವಲ್ಲ.

ಈಗ ಠಾಣೆಯ ವಿಷಯ. ಫೋನಿನಲ್ಲಿ 'ನಿನ್ನ ಕೈಕಾಲು ಮುರಿತೀನಿ' ಎಂದರು ಎನ್ನಿ. ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ. ಕೊಲೆ ಅಥವಾ ತೀವ್ರ ಗಾಯದ ಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಆದರೂ ಠಾಣೆಯಲ್ಲಿ 'ಇದು ಎನ್‌ಸಿ, ಕೋರ್ಟಿಗೆ ಹೋಗಿ' ಎನ್ನುತ್ತಾರೆ. ಬಹಳ ಜನ ಅಲ್ಲೇ ಸೋತು ಮನೆಗೆ ಮರಳುತ್ತಾರೆ. ಬೆದರಿಕೆಯೊಂದೇ ಇದ್ದರೆ ಅದು ಅಸಂಜ್ಞೇಯ (ಎನ್‌ಸಿ) ಅಪರಾಧ ಎಂಬುದು ನಿಜ. ಪೊಲೀಸರು ಅದನ್ನು ದಾಖಲಿಸಿಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿ ಕಳಿಸಬೇಕು, ಅವರ ಆದೇಶ ಬಂದ ಮೇಲೆ ತನಿಖೆ. ಆದರೆ ದಾರಿ ಅಡ್ಡಗಟ್ಟಿದ್ದರೆ, ಮನೆಗೆ ನುಗ್ಗಿದ್ದರೆ, ಐದು ಮಂದಿ ಅಥವಾ ಹೆಚ್ಚು ಜನ ಸೇರಿ ದಾಂಧಲೆ ಮಾಡಿದ್ದರೆ ಆ ಕೃತ್ಯ ಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು. ಒಂದು ಸಂಜ್ಞೇಯ ಅಪರಾಧ ಸೇರಿದರೆ ಇಡೀ ಪ್ರಕರಣವೇ ಸಂಜ್ಞೇಯವಾಗುತ್ತದೆ, ಎಫ್‌ಐಆರ್ ಆಗಲೇಬೇಕು. ಆದ್ದರಿಂದ ನಡೆದದ್ದೆಲ್ಲವನ್ನೂ ದೂರಿನಲ್ಲಿ ಬರೆಯಿರಿ. ಬೈಗುಳವನ್ನು ನಾಚಿಕೆಯಿಂದ 'ಅವಾಚ್ಯವಾಗಿ ನಿಂದಿಸಿದರು' ಎಂದು ಮುಗಿಸಬೇಡಿ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ವೇಳೆ, ನಂಬರು, ಪಕ್ಕದಲ್ಲಿ ಕೇಳಿಸಿಕೊಂಡವರ ಹೆಸರೂ ಇರಲಿ. ವಾಟ್ಸಾಪ್ ಸಂದೇಶ, ಧ್ವನಿಮುದ್ರಣ ಅಳಿಸಬೇಡಿ, ಆ ಮೊಬೈಲನ್ನೂ ಮಾರಬೇಡಿ. ಮುಂದೆ ನಕಲನ್ನು ಸಾಕ್ಷಿಯಾಗಿ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಘಟನೆ ಸುರಪುರದಲ್ಲಿ ನಡೆದಿದ್ದರೂ ಯಾದಗಿರಿಯ ಠಾಣೆಯಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಬೆದರಿಸುವವರಿಂದ ಶಾಂತಿಪಾಲನೆಯ ಮುಚ್ಚಳಿಕೆ ಬರೆಸಿಕೊಳ್ಳಲು ಕಾರ್ಯನಿರ್ವಾಹಕ ದಂಡಾಧಿಕಾರಿಯಾದ ತಹಶೀಲ್ದಾರರನ್ನು ಕೇಳಿ. ಸಾಕ್ಷಿಗೆ ಜೀವಭಯವಿದ್ದರೆ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಸಲ್ಲಿಸಬಹುದು. ದಲಿತರನ್ನು ಪರಿಶಿಷ್ಟರಲ್ಲದವರು ಜಾತಿಯ ಕಾರಣಕ್ಕೆ ನಾಲ್ಕು ಜನರ ಮುಂದೆ ಅವಮಾನಿಸಲೆಂದೇ ಬೆದರಿಸಿದ್ದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ, ಆಗ ಎನ್‌ಸಿ ಎಂಬ ನೆಪಕ್ಕೆ ಜಾಗವಿಲ್ಲ.

ಸಭೆ, ನಾಟಕ ಇಟ್ಟುಕೊಂಡಾಗ 'ಗಲಾಟೆಯಾದೀತು, ರದ್ದು ಮಾಡಿ' ಎಂದು ಯಾರಾದರೂ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ಹಿಡಿದು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬಹುದು.

ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಜೀವಕ್ಕೆ ಆಗಲೇ ಅಪಾಯ ಎದುರಾಗಿದ್ದರೆ ಮೊದಲು 112.