ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಉಡುಗೊರೆ

ಮ್ಯಾಟ್ರಿಮೊನಿ ತಾಣಗಳಲ್ಲಿ ಬಲೆ ಬೀಸುವ ವಂಚಕ ಹೆಚ್ಚಾಗಿ ಲಂಡನ್ನಿನ ಡಾಕ್ಟರೋ ಹಡಗಿನ ಎಂಜಿನಿಯರೋ ಆಗಿರುತ್ತಾನೆ. ವಿಡಿಯೊ ಕರೆ ಎಂದರೆ ಮಾತ್ರ ಅವನ ಕ್ಯಾಮೆರಾ ಕೆಟ್ಟಿರುತ್ತದೆ. ವಾರಗಟ್ಟಲೆ ‘ಊಟ ಆಯ್ತಾ?’ ಎಂದು ವಿಚಾರಿಸಿಕೊಂಡು, ಒಂದು ದಿನ ಚಿನ್ನದ ಸರ, ಐಫೋನ್ ತುಂಬಿದ ಪಾರ್ಸೆಲ್‌ನ ಫೋಟೊ ಕಳಿಸುತ್ತಾನೆ. ಮರುದಿನವೇ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವಳೆಂದು ಹೇಳಿಕೊಳ್ಳುವ ಒಬ್ಬಾಕೆಯ ಕರೆ: ಪಾರ್ಸೆಲ್ ಬಿಡಿಸಿಕೊಳ್ಳಲು 35,000 ರೂಪಾಯಿ ಕಟ್ಟಬೇಕು. ಕಟ್ಟಿದರೆ ದಂಡ, ಆಮೇಲೆ ತೆರಿಗೆ, ಹೀಗೆ ಬೇಡಿಕೆ ಬೆಳೆಯುತ್ತದೆ. ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವುದಿಲ್ಲ ಎಂಬುದೊಂದು ಗೊತ್ತಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಪ್ರೊಫೈಲ್ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಅದರ ಅಸಲಿ ಒಡೆಯ ಬೇರೆಯೇ ಎಂದು ತಿಳಿಯುತ್ತದೆ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಹಣ ಖಾತೆಯಿಂದ ಖಾತೆಗೆ ಹಾರಿಬಿಟ್ಟರೆ ತಡೆಹಿಡಿಯುವುದು ಕಷ್ಟ. ಸಿಟ್ಟಿನಲ್ಲಿ ಚಾಟ್ ಅಳಿಸಿಬಿಡುವವರೂ ಇದ್ದಾರೆ, ಆದರೆ ಪೊಲೀಸರಿಗೆ ಸಾಕ್ಷ್ಯವಾಗಿ ಬೇಕಾಗುವುದು ಅದೇ.